ಎಐ ನಿಯಮಕ್ಕೆ ನಮ್ಮದೂ ಒಂದು ಸಾಲು

ಅವತ್ತು ಸೋಮವಾರ. ಹಾಸ್ಟೆಲ್‌ನಲ್ಲಿ ಚಿತ್ರಾನ್ನ ತಿಂದು ಓಡೋಡಿ ಡಿಪಾರ್ಟ್‌ಮೆಂಟ್‌ಗೆ ಬಂದರೆ ನೋಟಿಸ್ ಬೋರ್ಡ್ ಮುಂದೆ ಜಾತ್ರೆ. ರಜೆ ಕೊಟ್ಟಿರಬೇಕು ಅಂತ ಖುಷಿಯಿಂದ ಕತ್ತು ಚಾಚಿ ನೋಡಿದೆ. ಒಂದೇ ಸಾಲಿನ ಸೂಚನೆ: ‘ಎಐ ಬಳಸಿದ ಅಸೈನ್‌ಮೆಂಟ್‌ಗಳಿಗೆ ಸೊನ್ನೆ ಅಂಕ ನೀಡಲಾಗುವುದು.’ ಕೆಳಗೆ ಸಹಿ, ಸೀಲು. ಅಷ್ಟೇ.

ಕ್ಯಾಂಟೀನ್‌ನಲ್ಲಿ ಅದೇ ಮಾತು. ‘ಗೂಗಲ್ ಟ್ರಾನ್ಸ್‌ಲೇಟ್ ಎಐ ಆಗತ್ತಾ?’ ‘ಮೊಬೈಲ್ ಕೀಬೋರ್ಡು ಮುಂದಿನ ಪದ ತಾನೇ ತೋರಿಸತ್ತಲ್ಲ, ಅದು?’ ‘ಕೆಂಪು ಗೆರೆ ಬಂದಿದ್ದನ್ನ ಸರಿ ಮಾಡಿದ್ರೆ?’ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮೂಲೆಯಲ್ಲಿದ್ದ ಒಬ್ಬ, ‘ಅಲ್ಲಾ, ಯಾರನ್ನ ಕೇಳಿ ಈ ರೂಲ್ಸ್ ಮಾಡಿದ್ರು?’ ಅಂದ. ಅಷ್ಟರಲ್ಲಿ ಟೀ ಬಂತು. ಪ್ರಶ್ನೆ ಅಲ್ಲಿಗೇ ಬಿಟ್ಟುಹೋಯಿತು.

ಅದನ್ನು ಅಲ್ಲಿಗೇ ಬಿಡಬಾರದಿತ್ತು ಅಂತ ನನಗೆ ಗೊತ್ತಾಗೋಕೆ ಎರಡು ವಾರ ಬೇಕಾಯಿತು.

ಅವಳಿಗೆ ಸೊನ್ನೆ, ನನಗೆ ಒಂಬತ್ತು

ನನ್ನ ರೂಮ್‌ಮೇಟ್ ಬಗ್ಗೆ ಹೇಳಲೇಬೇಕು. ಚಾಮರಾಜನಗರ ಕಡೆಯ ಹಳ್ಳಿಯವಳು. ಡಿಗ್ರಿವರೆಗೂ ಕನ್ನಡ ಮಾಧ್ಯಮ. ಮನೆಯಲ್ಲಿ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮೊದಲಿಗಳು. ನಾವಿಬ್ಬರೂ ಓದುತ್ತಿರುವುದು ಎಂ.ಎ. ಅರ್ಥಶಾಸ್ತ್ರ. ಪುಸ್ತಕಗಳೆಲ್ಲ ಇಂಗ್ಲಿಷಿನವು. ಅದಕ್ಕೇ ಅವಳ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಓದುವಾಗ ಇಷ್ಟವಾದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಅದರಲ್ಲಿ ಬರೆದು, ಕೆಳಗೆ ಕನ್ನಡದ ಅರ್ಥ ಬರೆದುಕೊಳ್ಳುತ್ತಾಳೆ. ‘ಆನ್ ದಿ ಅದರ್ ಹ್ಯಾಂಡ್’, ‘ಇಟ್ ಈಸ್ ಇಂಪಾರ್ಟೆಂಟ್ ಟು ನೋಟ್ ದಟ್’ ಇಂಥವು. ರಾತ್ರಿ ಲೈಟ್ ಆರಿಸಿದ ಮೇಲೂ ಮೊಬೈಲ್ ಟಾರ್ಚ್ ಹಾಕಿಕೊಂಡು ಅವನ್ನು ಬಾಯಿಪಾಠ ಮಾಡುತ್ತಾಳೆ. ಅಸೈನ್‌ಮೆಂಟ್ ಬರೆಯುವಾಗ ಅವೇ ಅವಳ ಊರುಗೋಲು.

ಆ ಸಲದ ವಿಷಯ ಉದ್ಯೋಗ ಖಾತ್ರಿ ಯೋಜನೆ. ಅವಳು ಊರಿಗೆ ಫೋನ್ ಮಾಡಿ, ಕೆಲಸಕ್ಕೆ ಹೋಗುವ ಅಮ್ಮನ ಹತ್ತಿರ ಜಾಬ್ ಕಾರ್ಡಿನ ಒಂದೊಂದು ಪುಟವನ್ನೂ ಓದಿಸಿದಳು. ಎಷ್ಟು ದಿನ ಕೆಲಸ ಸಿಕ್ಕಿತು, ಕೂಲಿ ಯಾವಾಗ ಬಂತು ಎಲ್ಲ ಬರೆದುಕೊಂಡಳು. ಹತ್ತು ದಿನ ಕೂತು ಬರೆದಳು.

ನಾನು? ನಾನು ತಾಲ್ಲೂಕು ಕೇಂದ್ರದಲ್ಲಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು. ಕೊನೆಯ ದಿನದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಚಾಟ್‌ಬಾಟ್ ಮುಂದೆ ಕೂತೆ. ಇಪ್ಪತ್ತು ನಿಮಿಷಕ್ಕೆ ಅಸೈನ್‌ಮೆಂಟ್ ರೆಡಿ. ಅಲ್ಲಲ್ಲಿ ಪದ ಬದಲಿಸಿ, ದೃಷ್ಟಿಬೊಟ್ಟಿನ ಹಾಗೆ ಬೇಕಂತಲೇ ಎರಡು ಸ್ಪೆಲ್ಲಿಂಗ್ ತಪ್ಪು ಬಿಟ್ಟೆ.

ಮೇಡಂ ಎಲ್ಲರ ಅಸೈನ್‌ಮೆಂಟನ್ನೂ ಎಐ ಪತ್ತೆ ಹಚ್ಚುವ ಸಾಫ್ಟ್‌ವೇರ್‌ಗೆ ಹಾಕಿದರು. ಅವಳದ್ದರಲ್ಲಿ ಮುಕ್ಕಾಲು ಭಾಗ ಎಐ ಬರೆದದ್ದು ಅಂತ ಬಂತು. ನೋಟಿಸ್‌ನಲ್ಲಿ ಹೇಳಿದ ಹಾಗೆ ಸೊನ್ನೆ. ನನ್ನದು ‘ಮನುಷ್ಯರು ಬರೆದದ್ದು’ ಅಂತ ಪಾಸಾಯಿತು. ಹತ್ತಕ್ಕೆ ಒಂಬತ್ತು.

ಅವಳು ಅಳಲಿಲ್ಲ. ಮಂಚದ ಮೇಲೆ ಕೂತು ನೋಟ್‌ಬುಕ್ ತೆರೆದು ಮುಚ್ಚಿ ಮಾಡುತ್ತಿದ್ದಳು. ‘ನಾನೇ ಬರೆದಿದ್ದು ಕಣೇ’ ಅಂದಳು. ‘ಗೊತ್ತು ಕಣೇ’ ಅಂದೆ. ಅದರ ಮುಂದಿನ ಮಾತು ನನ್ನ ಬಾಯಿಂದ ಬರಲಿಲ್ಲ.

ಸಾಫ್ಟ್‌ವೇರ್‌ಗೆ ಗೊತ್ತಿರೋದೇನು?

ಆ ರಾತ್ರಿ ನಿದ್ದೆ ಬರಲಿಲ್ಲ. ಈ ಪತ್ತೆದಾರ ಸಾಫ್ಟ್‌ವೇರ್‌ಗಳು ಹೇಗೆ ಕೆಲಸ ಮಾಡುತ್ತವೆ ಅಂತ ಹುಡುಕುತ್ತಾ ಕೂತೆ. ಅವುಗಳಿಗೆ ಯಾರು ಬರೆದರು ಅನ್ನುವುದು ಗೊತ್ತಿರುವುದಿಲ್ಲ. ಬಹಳಷ್ಟು ಸಾಫ್ಟ್‌ವೇರ್‌ಗಳು ನೋಡುವುದು, ಒಂದು ಪದ ಆದಮೇಲೆ ಮುಂದಿನ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು ಅನ್ನುವುದನ್ನು. ಸುಲಭವಾಗಿ ಊಹಿಸಬಹುದಾದ, ಎಲ್ಲರೂ ಬಳಸುವ ಪದಗಳೇ ಇದ್ದರೆ ‘ಇದು ಯಂತ್ರದ್ದು’ ಅನ್ನುವ ಕಡೆ ವಾಲುತ್ತವೆ. ಈಗ ಹೇಳಿ, ದೊಡ್ಡವಳಾದ ಮೇಲೆ ಇಂಗ್ಲಿಷ್ ಕಲಿತು, ಬಾಯಿಪಾಠ ಮಾಡಿದ ವಾಕ್ಯಗಳನ್ನು ಜೋಡಿಸಿ ಬರೆಯುವ ಹುಡುಗಿಯ ಬರಹ ಹೇಗಿರುತ್ತದೆ? ಹಾಗೇ ಇರುತ್ತದೆ.

ಇದು ನನ್ನ ಊಹೆ ಮಾತ್ರ ಅಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇದನ್ನು ಪರೀಕ್ಷೆ ಮಾಡಿದ್ದರು. ಟೋಫೆಲ್ ಪರೀಕ್ಷೆಗಾಗಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಪ್ರಬಂಧಗಳನ್ನು ಇಂಥ 7 ಸಾಫ್ಟ್‌ವೇರ್‌ಗಳಿಗೆ ಹಾಕಿದರು. ಎಲ್ಲವೂ ಮನುಷ್ಯರೇ ಬರೆದವು. ಆದರೂ ಸರಾಸರಿ ಶೇ 61ರಷ್ಟು ಪ್ರಬಂಧಗಳು ಎಐ ಬರೆದವು ಅಂತ ಬಂತು. 91ರಲ್ಲಿ 89 ಪ್ರಬಂಧಗಳನ್ನು ಏಳರಲ್ಲಿ ಒಂದಾದರೂ ಸಾಫ್ಟ್‌ವೇರ್ ಅನುಮಾನಿಸಿತ್ತು. ಅಮೆರಿಕದ ಎಂಟನೇ ಕ್ಲಾಸ್ ಮಕ್ಕಳ ಪ್ರಬಂಧಗಳನ್ನು ಹಾಕಿದಾಗ ಮಾತ್ರ ಬಹುಪಾಲು ಸರಿಯಾಗಿಯೇ ಹೇಳಿದವು. ಅಂದರೆ ಪೆಟ್ಟು ಬೀಳುವುದು ನಮ್ಮಂಥವರಿಗೆ.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ 30ರಂದು. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ಒಂದು ಪತ್ತೆದಾರ ಸಾಧನವನ್ನೂ ಬಿಟ್ಟಿತ್ತು. ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ತಾನೇ ವಾಪಸ್ ತೆಗೆದುಕೊಂಡಿತು. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಅದೇ ವರ್ಷ ಆಗಸ್ಟ್‌ನಲ್ಲಿ ಇಂಥದ್ದೊಂದು ಸೌಲಭ್ಯವನ್ನು ಬಂದ್ ಮಾಡಿತು. ಅವರ ಲೆಕ್ಕ ಸರಳ. ವರ್ಷಕ್ಕೆ 75,000 ಬರಹಗಳನ್ನು ತಪಾಸಣೆಗೆ ಹಾಕುತ್ತೇವೆ. ಶೇ 1ರಷ್ಟು ತಪ್ಪಾದರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬಂದ ಹಾಗೆ. ಇನ್ನು ಟೆಕ್ಸಾಸ್‌ನ ಮೇಷ್ಟ್ರೊಬ್ಬರ ಕಥೆ ಕೇಳಿದರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳ ಬರಹವನ್ನು ಚಾಟ್‌ಜಿಪಿಟಿಗೇ ಹಾಕಿ ‘ಇದನ್ನು ಬರೆದಿದ್ದು ನೀನಾ?’ ಅಂತ ಕೇಳಿದರಂತೆ. ಅದು ಹೌದು ಅಂದಿತು. ಅದನ್ನು ನಂಬಿ, ಡಿಗ್ರಿ ಮುಗಿಸಿ ನಿಂತಿದ್ದ ಮಕ್ಕಳ ಪ್ರಮಾಣಪತ್ರಕ್ಕೇ ಸಂಚಕಾರ ಬಂದಿತ್ತು.

ಬೆಳಿಗ್ಗೆ ಇದನ್ನೆಲ್ಲ ನಮ್ಮ ಹಾಸ್ಟೆಲ್‌ನಲ್ಲಿರುವ ಪಿಎಚ್‌.ಡಿ. ಅಕ್ಕನ ಮುಂದೆ ಒದರಿದೆ. ಅವರು ಬಟ್ಟೆ ಒಣಹಾಕುತ್ತಾ ಪೂರ್ತಿ ಕೇಳಿಸಿಕೊಂಡು, ‘ಸಾಫ್ಟ್‌ವೇರ್‌ನ ಬೈದ್ರೆ ಏನು ಬಂತು? ರೂಲ್ಸ್ ಮಾಡಿದ್ದು ಸಾಫ್ಟ್‌ವೇರ್ ಅಲ್ವಲ್ಲ’ ಅಂದರು. ಯುಜಿಸಿ 2018ರಲ್ಲೇ ಕೃತಿಚೌರ್ಯದ ಬಗ್ಗೆ ನಿಯಮ ತಂದಿದೆ ಅಂತ ಹೇಳಿದ್ದೂ ಅವರೇ. ಅದರಲ್ಲಿ ಪ್ರತಿ ವಿಭಾಗದಲ್ಲೂ ಒಂದು ಸಮಿತಿ ಇರಬೇಕು, ಆರೋಪ ಬಂದರೆ ಅದು ಸಹಜ ನ್ಯಾಯದ ತತ್ವದಂತೆ ನಡೆಯಬೇಕು ಅಂತಿದೆ. ‘ಅಂದ್ರೆ, ಆರೋಪ ಹೊತ್ತವರ ಮಾತೂ ಕೇಳಬೇಕು. ನಿನ್ನ ರೂಮ್‌ಮೇಟ್‌ನ ಯಾರಾದ್ರೂ ಕೇಳಿದ್ರಾ?’

ಯಾರೂ ಕೇಳಿರಲಿಲ್ಲ.

ಶನಿವಾರದ ಸಭೆ

ನಾವು ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದೆವು. ನಿಯಮ ತೆಗೆಯಿರಿ ಅಂತ ಕೇಳಲಿಲ್ಲ. ನಿಯಮ ಬರೆಯುವಾಗ ನಮ್ಮನ್ನೂ ಕೂರಿಸಿಕೊಳ್ಳಿ ಅಂತ ಕೇಳಿದೆವು. ಕೆಳಗೆ ನಲವತ್ತೊಂದು ಸಹಿ.

ಸರ್ ಕನ್ನಡಕದ ಮೇಲಿಂದ ನೋಡಿದರು. ‘ನಾಳೆ ಪರೀಕ್ಷೆ ಬೇಕಾ ಬೇಡ್ವಾ ಅಂತಾನೂ ನಿಮ್ಮನ್ನೇ ಕೇಳಬೇಕೇನಮ್ಮಾ? ನಿಮ್ಮನ್ನ ಕೇಳಿದ್ರೆ ನಿಮಗೆ ಅನುಕೂಲ ಆಗೋದನ್ನೇ ಹೇಳ್ತೀರಿ.’ ನಿಜ ಹೇಳಬೇಕೆಂದರೆ ಆ ಮಾತಿನಲ್ಲಿ ಹುರುಳಿತ್ತು. ಇಪ್ಪತ್ತು ನಿಮಿಷದಲ್ಲಿ ಅಸೈನ್‌ಮೆಂಟ್ ಮುಗಿಸಿದವಳು ಅವರ ಎದುರೇ ನಿಂತಿದ್ದಳಲ್ಲ! ಅಕ್ಕ ಮಾತ್ರ ಹಿಂಜರಿಯಲಿಲ್ಲ. ‘ಸರ್, ವಿದ್ಯಾರ್ಥಿಗಳನ್ನ ಮಾತ್ರ ಅಲ್ಲ. ಮೇಡಂನವರು, ಲೈಬ್ರರಿಯವರು, ಆಫೀಸ್‌ನವರು ಎಲ್ಲರೂ ಬರಲಿ. ಒಬ್ಬರ ಅನುಕೂಲ ಇನ್ನೊಬ್ಬರಿಗೆ ಹೇಗೆ ಅನನುಕೂಲ ಅಂತ ಅಲ್ಲೇ ಗೊತ್ತಾಗತ್ತೆ’ ಅಂದರು. ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಶನಿವಾರ ಮಧ್ಯಾಹ್ನ. ಎರಡು ಗಂಟೆ ಟೈಮ್. ಟೀ ನಿಮ್ಮ ಖರ್ಚು’ ಅಂದರು.

ಸೆಮಿನಾರ್ ಹಾಲ್‌ನಲ್ಲಿ ವೇದಿಕೆ ಬಳಸಲಿಲ್ಲ. ಕುರ್ಚಿಗಳನ್ನು ಸುತ್ತಲೂ ಹಾಕಿದೆವು. ಬಾಯಿಬಿಟ್ಟು ಹೇಳುವುದು ಕಷ್ಟ ಅಂತ ಮೊದಲು ಎಲ್ಲರಿಗೂ ಒಂದೊಂದು ಚೀಟಿ. ಹೆಸರು ಬರೆಯುವಂತಿಲ್ಲ. ‘ನೀವು ಎಐ ಬಳಸಿದ್ದೀರಾ? ಯಾವುದಕ್ಕೆ? ಯಾವುದಕ್ಕೆ ಬಳಸಬಾರದು?’ ಇಷ್ಟೇ ಪ್ರಶ್ನೆ. ಚೀಟಿಗಳನ್ನು ಒಂದು ಡಬ್ಬಿಗೆ ಹಾಕಿ, ಕಲಸಿ, ಓದತೊಡಗಿದೆವು.

ಐದನೆಯದೋ ಆರನೆಯದೋ ಚೀಟಿಯಲ್ಲಿ ‘ಇಂಟರ್ನಲ್ಸ್ ಪ್ರಶ್ನೆಪತ್ರಿಕೆ ತಯಾರಿಸೋಕೆ ಬಳಸಿದ್ದೇನೆ’ ಅಂತಿತ್ತು. ಹುಡುಗರು ಗೊಳ್ಳೆಂದು ನಕ್ಕರು. ಮುಂದಿನ ಸಾಲು ಓದಿದಾಗ ನಗು ನಿಂತಿತು. ‘ಮೂರು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಸಮಯ ಇಲ್ಲ.’ ಅತಿಥಿ ಉಪನ್ಯಾಸಕರಲ್ಲಿ ಯಾರು ಬರೆದದ್ದು ಅಂತ ಯಾರೂ ಕೇಳಲಿಲ್ಲ.

ಆಮೇಲೆ ಒಬ್ಬೊಬ್ಬರೇ ಮಾತಾಡಿದರು. ನಮ್ಮ ಕ್ಲಾಸಿನಲ್ಲಿ ಕಣ್ಣು ಕಾಣದ ಸಹಪಾಠಿಯೊಬ್ಬನಿದ್ದಾನೆ. ‘ಸ್ಕ್ರೀನ್ ರೀಡರ್ ಅಕ್ಷರ ಓದತ್ತೆ. ಗ್ರಾಫ್ ಬಂದ ತಕ್ಷಣ ಸುಮ್ಮನಾಗತ್ತೆ. ಬೇಡಿಕೆಯ ರೇಖೆ ಎಲ್ಲಿಂದ ಎಲ್ಲಿಗೆ ಇಳಿಯತ್ತೆ ಅಂತ ನನಗೆ ವಿವರಿಸಿ ಹೇಳೋದು ಎಐ. ಪೂರ್ತಿ ನಿಷೇಧ ಮಾಡಿದ್ರೆ ನನ್ನ ಪುಸ್ತಕದ ಗ್ರಾಫ್‌ಗಳೆಲ್ಲ ಮತ್ತೆ ಮೂಕ ಆಗ್ತವೆ’ ಅಂದ. ಎರಡು ವರ್ಷದಿಂದ ಅವನ ಜೊತೆ ಓದುತ್ತಿದ್ದೇವೆ. ನಮಗ್ಯಾರಿಗೂ ಇದು ಗೊತ್ತಿರಲಿಲ್ಲ.

ಲೈಬ್ರರಿಯ ಸರ್ ತಮ್ಮ ಗೋಳು ಹೇಳಿಕೊಂಡರು. ‘ಈ ಪುಸ್ತಕ ಕೊಡಿ ಅಂತ ಚೀಟಿ ಹಿಡ್ಕೊಂಡು ಬರ್ತಾರೆ. ಲೇಖಕರ ಹೆಸರು, ವರ್ಷ, ಪ್ರಕಾಶಕರು ಎಲ್ಲ ಇರತ್ತೆ. ಇಡೀ ಕಪಾಟು ಜಾಲಾಡ್ತೀನಿ. ಆಮೇಲೆ ನೋಡಿದ್ರೆ ಅಂಥ ಪುಸ್ತಕವೇ ಪ್ರಪಂಚದಲ್ಲಿ ಇಲ್ಲ! ಚಾಟ್‌ಬಾಟ್ ಹುಟ್ಟಿಸಿರೋ ಪುಸ್ತಕ ಅದು.’ ಈ ಸಲ ಎಲ್ಲರೂ ನಕ್ಕರು, ಅವರೂ ಸೇರಿ.

ಅಕ್ಕ ಹೇಳಿದ್ದು ನಮ್ಮನ್ನೆಲ್ಲ ಬೆಚ್ಚಿಬೀಳಿಸಿತು. ಅವರ ಸಂಶೋಧನೆ ಗಾರ್ಮೆಂಟ್ ಕೆಲಸದ ಹೆಣ್ಣುಮಕ್ಕಳ ಬಗ್ಗೆ. ಹೆಸರು ಹೇಳುವುದಿಲ್ಲ ಅಂತ ಮಾತು ಕೊಟ್ಟು ಸಂದರ್ಶನ ಮಾಡಿದ್ದಾರೆ. ‘ಆ ರೆಕಾರ್ಡಿಂಗ್‌ನ ಬರಹಕ್ಕಿಳಿಸೋಕೆ ಯಾವುದೋ ಆ್ಯಪ್‌ಗೆ ಹಾಕಿದ್ರೆ ನಿಮಿಷದ ಕೆಲಸ. ಆದ್ರೆ ಅದು ಯಾರ ಕಂಪ್ಯೂಟರಿಗೆ ಹೋಗತ್ತೆ? ಸೂಪರ್‌ವೈಸರ್ ಬಗ್ಗೆ ನನ್ನ ಹತ್ರ ಗುಟ್ಟಾಗಿ ಹೇಳಿದ್ದಾರೆ ಅವರು. ನನ್ನ ಟೈಮ್ ಉಳಿಸೋಕೆ ಅವರ ಮಾತು ಮಾರೋ ಹಾಗಿಲ್ಲ.’ ನೋಟಿಸ್ ಬೋರ್ಡಿನ ಒಂದು ಸಾಲಿನಲ್ಲಿ ಇದರ ಸುಳಿವೂ ಇರಲಿಲ್ಲ. ನಮ್ಮ ಕ್ಯಾಂಟೀನ್ ಚರ್ಚೆಯಲ್ಲೂ ಇರಲಿಲ್ಲ.

ಒಬ್ಬ ಹುಡುಗ, ‘ಕ್ಯಾಲ್ಕುಲೇಟರ್ ಬಂದಾಗಲೂ ಹೀಗೇ ಹೆದರಿದ್ರಂತೆ’ ಅಂದ. ನಮ್ಮ ಮೇಡಂ ತಕ್ಷಣ, ‘ಮಗ್ಗಿ ಬರದವನ ಕೈಗೆ ಕ್ಯಾಲ್ಕುಲೇಟರ್ ಕೊಟ್ರೆ ಉತ್ತರ ತಪ್ಪು ಬಂದಿದ್ದೂ ಅವನಿಗೆ ಗೊತ್ತಾಗಲ್ಲ’ ಅಂದರು. ಇಬ್ಬರಿಗೂ ಚಪ್ಪಾಳೆ ಬಿತ್ತು. ಇನ್ನೊಬ್ಬಳು, ‘ದುಡ್ಡು ಕೊಟ್ಟವರಿಗೆ ಒಳ್ಳೇ ಎಐ, ನಮಗೆ ಪುಕ್ಕಟೆದು. ಸ್ಕಾಲರ್‌ಶಿಪ್ಪೇ ಇನ್ನೂ ಬಂದಿಲ್ಲ. ಎಲ್ಲರಿಗೂ ಒಂದೇ ಮಾರ್ಕ್ಸ್ ಅಳತೆ ಹೇಗೆ?’ ಅಂತ ಕೇಳಿದಳು. ಅದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಆಗ ನನ್ನ ರೂಮ್‌ಮೇಟ್ ಎದ್ದು ನಿಂತಳು. ಕೈಯಲ್ಲಿ ಅದೇ ನೋಟ್‌ಬುಕ್. ಏನೋ ಹೇಳಲು ಹೋಗಿ, ಇಂಗ್ಲಿಷ್‌ನಲ್ಲಿ ಹೇಳಬೇಕೋ ಕನ್ನಡದಲ್ಲೋ ಗೊತ್ತಾಗದೆ ತಡವರಿಸಿದಳು. ‘ಕನ್ನಡದಲ್ಲೇ ಹೇಳಮ್ಮಾ’ ಅಂದರು ಸರ್. ‘ನಾನು ಯಾವತ್ತೂ ಎಐ ಬಳಸಿಲ್ಲ ಸರ್. ನನ್ನ ಮೊಬೈಲ್‌ನಲ್ಲಿ ಜಾಗ ಇಲ್ಲ’ ಅಂದು ಕೂತುಬಿಟ್ಟಳು.

ಇನ್ನು ನನ್ನಿಂದ ಆಗಲಿಲ್ಲ. ಎದ್ದು ನಿಂತೆ. ಕಾಲು ನಡುಗುತ್ತಿತ್ತು. ‘ಮೇಡಂ, ಬಳಸಿದ್ದು ನಾನು. ನಂಗೆ ಒಂಬತ್ತು ಬಂತು’ ಅಂದೆ. ಹಾಲ್‌ನಲ್ಲಿ ಫ್ಯಾನ್ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಮೇಡಂ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, ಮೆಲ್ಲಗೆ ಹೇಳಿದರು: ‘ಆ ಸಾಫ್ಟ್‌ವೇರ್ ಕೊಡೋ ನಂಬರ್ ಮೇಲೆ ನಂಗೂ ಪೂರ್ತಿ ನಂಬಿಕೆ ಇರಲಿಲ್ಲ. ಬೇರೆ ದಾರಿ ಯಾರೂ ಹೇಳಿಕೊಡಲಿಲ್ಲ. ನೋಟಿಸ್ ಹಾಕೋವಾಗ ನನ್ನನ್ನೂ ಯಾರೂ ಕೇಳಿರಲಿಲ್ಲ.’

ನಮ್ಮ ಹಾಗೆಯೇ ಮೇಡಂ ಕೂಡ ಆ ನಿಯಮವನ್ನು ಗೋಡೆಯ ಮೇಲೆ ಓದಿದವರು ಅನ್ನುವುದು ನನಗೆ ಹೊಳೆದದ್ದು ಆಗಲೇ.

ಒಂದು ಸಾಲು ಹೋಗಿ ಒಂದು ಪುಟ

ಅವತ್ತು ಎರಡು ಗಂಟೆಯ ಸಭೆ ನಾಲ್ಕು ಗಂಟೆ ನಡೆಯಿತು. ಟೀ ಎರಡು ಸಲ ತರಿಸಬೇಕಾಯಿತು. ಆಮೇಲೆ ಐದು ಜನ ಕೂತು ಒಂದು ಪುಟದ ಕರಡು ಬರೆದೆವು. ಮೇಡಂ, ಲೈಬ್ರರಿಯ ಸರ್, ಅಕ್ಕ, ನನ್ನ ರೂಮ್‌ಮೇಟ್, ನಾನು. ಅದರಲ್ಲಿ ಇರುವುದು ಇಷ್ಟು:

ಪ್ರತಿ ಅಸೈನ್‌ಮೆಂಟ್ ಕೊಡುವಾಗಲೇ ಅದರಲ್ಲಿ ಎಐ ಬಳಸಬಹುದೇ, ಬಳಸಿದರೆ ಯಾವುದಕ್ಕೆ ಅಂತ ಹೇಳಬೇಕು. ಬಳಸಿದವರು ಕೊನೆಯಲ್ಲಿ ಎರಡು ಸಾಲು ಬರೆದು ತಿಳಿಸಬೇಕು. ಆ ಸಾಲು ಕನ್ನಡದಲ್ಲೂ ಇರಬಹುದು. ಸಾಫ್ಟ್‌ವೇರ್ ಹೇಳಿತು ಅನ್ನುವ ಒಂದೇ ಕಾರಣಕ್ಕೆ ಸೊನ್ನೆ ಕೊಡುವಂತಿಲ್ಲ; ಅನುಮಾನ ಬಂದರೆ ವಿದ್ಯಾರ್ಥಿಯನ್ನು ಕರೆದು, ಬರೆದದ್ದರ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಅಂಗವಿಕಲ ವಿದ್ಯಾರ್ಥಿಗಳು ಓದಲು ಬಳಸುವ ಸಾಧನಗಳಿಗೆ ಅಡ್ಡಿ ಇಲ್ಲ. ಸಂಶೋಧನೆಗೆ ಮಾತಾಡಿದವರ ದನಿ, ಹೆಸರು, ಫೋಟೊ ಯಾವ ಆ್ಯಪ್‌ಗೂ ಹಾಕುವಂತಿಲ್ಲ. ಬೋಧಕರು ಪ್ರಶ್ನೆಪತ್ರಿಕೆಗೋ ಮೌಲ್ಯಮಾಪನಕ್ಕೋ ಬಳಸಿದರೆ ಅವರೂ ಹೇಳಬೇಕು. ಇದೆಲ್ಲ ಶಾಶ್ವತ ಅಲ್ಲ. ಪ್ರತಿ ಸೆಮಿಸ್ಟರ್ ಮತ್ತೆ ಕೂತು ನೋಡಬೇಕು.

ಮೊದಲ ಸೆಮಿಸ್ಟರ್‌ನವರಿಗೆ ಎಐ ಬೇಕೇ ಬೇಡವೇ ಅನ್ನುವುದರಲ್ಲಿ ಒಮ್ಮತ ಬರಲಿಲ್ಲ. ‘ಒಮ್ಮತ ಇಲ್ಲ’ ಅಂತಲೇ ಕರಡಿನಲ್ಲಿ ಬರೆದೆವು. ಇದು ನಮ್ಮ ಒಂದು ವಿಭಾಗದ್ದು ಮಾತ್ರ. ಇಡೀ ವಿಶ್ವವಿದ್ಯಾಲಯಕ್ಕೆ ಅನ್ವಯ ಆಗಬೇಕಾದರೆ ಇನ್ನೂ ಮೇಲಿನ ಮೆಟ್ಟಿಲುಗಳಿವೆ. ಅಲ್ಲಿ ಫೈಲ್ ಎಷ್ಟು ದಿನ ಮಲಗುತ್ತದೋ ದೇವರೇ ಬಲ್ಲ.

ಇಷ್ಟಕ್ಕೇ ಯಾಕೆ ಇಷ್ಟು ಸಂಭ್ರಮ ಅಂತ ನೀವು ಕೇಳಬಹುದು. 2020ರಲ್ಲಿ ಇಂಗ್ಲೆಂಡ್‌ನಲ್ಲಿ ಏನಾಯಿತು ನೋಡಿ. ಕೋವಿಡ್‌ನಿಂದ ಎ-ಲೆವೆಲ್ ಪರೀಕ್ಷೆ ನಡೆಯಲಿಲ್ಲ. ಅದು ಅಲ್ಲಿನ ಮಕ್ಕಳಿಗೆ ನಮ್ಮ ಪಿಯುಸಿ ಇದ್ದ ಹಾಗೆ. ಶಿಕ್ಷಕರು ಅಂದಾಜು ಮಾಡಿದ ಗ್ರೇಡ್‌ಗಳನ್ನು ಕಂಪ್ಯೂಟರ್ ಸೂತ್ರವೊಂದು ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ನೋಡಿ ತಿದ್ದಿತು. ಆಗಸ್ಟ್ 13ರಂದು ಫಲಿತಾಂಶ ಬಂದಾಗ ಸುಮಾರು ಶೇ 40ರಷ್ಟು ಗ್ರೇಡ್‌ಗಳು ಶಿಕ್ಷಕರು ಕೊಟ್ಟದ್ದಕ್ಕಿಂತ ಕೆಳಗಿದ್ದವು. ಮಕ್ಕಳು ಬೀದಿಗಿಳಿದರು. ನಾಲ್ಕೇ ದಿನಕ್ಕೆ, ಆಗಸ್ಟ್ 17ರಂದು, ಶಿಕ್ಷಕರ ಗ್ರೇಡನ್ನೇ ಒಪ್ಪಿಕೊಳ್ಳಬೇಕಾಯಿತು. ಹಿಂದುಳಿದ ಶಾಲೆಯಲ್ಲಿ ಚೆನ್ನಾಗಿ ಓದಿದ ಒಬ್ಬ ಹುಡುಗ ಅಥವಾ ಹುಡುಗಿ ಆ ಸೂತ್ರದ ಕಣ್ಣಿಗೆ ಬೀಳುವುದು ಕಷ್ಟ ಇತ್ತು. ನಮ್ಮ ಸಾಫ್ಟ್‌ವೇರ್‌ಗೆ ನನ್ನ ರೂಮ್‌ಮೇಟ್‌ನ ನೋಟ್‌ಬುಕ್ ಕಾಣದ ಹಾಗೆ. ಅದು ಕಾಣುವುದು ಪಕ್ಕದ ಮಂಚದಲ್ಲಿ ಮಲಗುವವರಿಗೆ. ಅದಕ್ಕೇ ನಿಯಮ ಬರೆಯುವ ಕೋಣೆಯಲ್ಲಿ ಪಕ್ಕದ ಮಂಚದವರೂ ಇರಬೇಕು.

ಸರ್ ಹೇಳಿದ್ದ ಮಾತು, ಅನುಕೂಲ ಆಗೋದನ್ನೇ ಹೇಳ್ತೀರಿ ಅನ್ನುವುದು, ನನ್ನ ಮಟ್ಟಿಗೆ ಸುಳ್ಳಾಯಿತು. ನನಗೆ ಅನುಕೂಲ ಆಗಿದ್ದು ಆ ಹಳೆಯ ಒಂದು ಸಾಲಿನ ನೋಟಿಸ್ಸೇ. ಅದರಿಂದ ತಪ್ಪಿಸಿಕೊಳ್ಳಲು ಎರಡು ಸ್ಪೆಲ್ಲಿಂಗ್ ತಪ್ಪು ಸಾಕಾಗಿತ್ತು. ನಾವೇ ಕೂತು ಬರೆದ ಪುಟದಿಂದ ತಪ್ಪಿಸಿಕೊಳ್ಳುವುದು ಅಷ್ಟು ಸುಲಭ ಇಲ್ಲ. ಅದರಲ್ಲಿ ನನ್ನ ಕೈಬರಹವೂ ಇದೆಯಲ್ಲ.

ಮುಂದಿನ ವಾರ ಮೇಡಂ ನನ್ನ ರೂಮ್‌ಮೇಟ್‌ನ ಕರೆದು ಮಾತಾಡಿದರು. ಹತ್ತು ನಿಮಿಷ ಅಂತ ಹೋದವಳು ಮುಕ್ಕಾಲು ಗಂಟೆ ಆದಮೇಲೆ ಬಂದಳು. ಅಮ್ಮನ ಜಾಬ್ ಕಾರ್ಡ್, ಕೂಲಿ ತಡವಾಗಿದ್ದು, ಆ ತಿಂಗಳು ಅಂಗಡಿ ಸಾಲ ಮಾಡಿದ್ದು ಎಲ್ಲ ಹೇಳಿದಳಂತೆ. ‘ಇದನ್ನೆಲ್ಲ ಯಾಕೆ ಬರೀಲಿಲ್ಲ?’ ಅಂತ ಮೇಡಂ ಕೇಳಿದರಂತೆ. ‘ಅದಕ್ಕೆ ಇಂಗ್ಲಿಷ್ ವಾಕ್ಯ ಸಿಗಲಿಲ್ಲ ಮೇಡಂ’ ಅಂದಳಂತೆ. ಅವಳಿಗೆ ಎಂಟು ಬಂತು.

ನನ್ನನ್ನು ಮತ್ತೆ ಬರೆಯಲು ಹೇಳಿದರು. ಚಾಟ್‌ಬಾಟ್ ಮುಟ್ಟದೆ, ನಾಲ್ಕು ರಾತ್ರಿ ಕೂತು ಬರೆದೆ. ಐದು ಬಂತು. ನಿಜವಾಗಿ ನನಗೆ ಗೊತ್ತಿದ್ದುದು ಅಷ್ಟೇ ಅಂತ ಕಾಣುತ್ತದೆ. ರೂಮಿಗೆ ಬಂದು ತೋರಿಸಿದಾಗ ಅವಳು ನೋಟ್‌ಬುಕ್ ನನ್ನ ಕಡೆ ತಳ್ಳಿ, ‘ಬೇಕಾದ್ರೆ ಇದರಿಂದ ವಾಕ್ಯ ಎರವಲು ತಗೋ. ಕೊನೇಲಿ ನನ್ನ ಹೆಸರು ಹಾಕು ಅಷ್ಟೇ’ ಅಂತ ನಕ್ಕಳು.

ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲೂ ಇವತ್ತಲ್ಲ ನಾಳೆ ಇಂಥದ್ದೊಂದು ಸಾಲು ಬರುತ್ತದೆ. ಬಂದಿದ್ದರೂ ಬಂದಿರಬಹುದು. ಕ್ಯಾಂಟೀನ್‌ನಲ್ಲಿ ಯಾರಾದರೂ ‘ಯಾರನ್ನ ಕೇಳಿ ಮಾಡಿದ್ರು?’ ಅಂದರೆ, ಟೀ ಬಂತು ಅಂತ ಆ ಪ್ರಶ್ನೆ ಬಿಡಬೇಡಿ. ಲೋಟ ಹಿಡಿದುಕೊಂಡೇ ಒಂದು ಪತ್ರ ಬರೆಯಿರಿ.